ಒಂದೇ ಡಬ್ಬಿ, ಎರಡು ಬಣ್ಣ: ಗೋಡೆಗೆ ನೀಲಿ-ಹಸಿರು ಆರಿಸುವ ಮೊದಲು

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಹಳೇ ಮನೆಯ ಓದುವ ಕೋಣೆಗೆ ಟೀಲ್ ಎಂಬ ಗಾಢ ನೀಲಿ-ಹಸಿರು ಬಣ್ಣ ಹೊಡೆಸಿದಾಗ ಒಂದೂವರೆ ಲೀಟರಿನಷ್ಟು ಉಳಿಯಿತು. ಚೆಲ್ಲಲು ಮನಸ್ಸಾಗಲಿಲ್ಲ. ಹುಬ್ಬಳ್ಳಿಯ ಗೋಕುಲ ರೋಡಿನ ಫ್ಲ್ಯಾಟಿನಲ್ಲಿರುವ ತಂಗಿ, ತನ್ನ ಪಡಸಾಲೆಯ ಒಂದು ಗೋಡೆಗೆ ಸಾಕಾಗುತ್ತದೆ ಎಂದು ಡಬ್ಬಿ ಒಯ್ದಳು. ಎರಡು ದಿನ ಬಿಟ್ಟು ಅವಳ ಫೋನ್. “ಅಕ್ಕಾ, ಡಬ್ಬಿ ಅದಲು ಬದಲು ಆಗೇತೇನು? ನಿಮ್ಮನ್ಯಾಗ ಹಸರ ಇತ್ತು, ಇಲ್ಲಿ ನೋಡಿದ್ರ ಪೂರಾ ನೀಲಿ ಆಗಿ ಕುಂತೈತಿ.”

ಭಾನುವಾರ ಹೋಗಿ ನೋಡಿದೆ. ಅವಳು ಹೇಳಿದ್ದು ನಿಜ. ನಮ್ಮ ಕೋಣೆಯಲ್ಲಿ ಹಳೇ ಬಾವಿಯ ಪಾಚಿಯಂತೆ ಕಾಣುವ ಬಣ್ಣ ಅಲ್ಲಿ ಕಾರವಾರದ ಸಮುದ್ರವಾಗಿತ್ತು. ಸಂಜೆ ಬಿಳಿ ಎಲ್‌ಇಡಿ ಹಾಕಿದ ಮೇಲೆ ಸಮುದ್ರವೂ ಹೋಗಿ, ಗೋಡೆ ತಣ್ಣಗೆ ಬಿಳಿಚಿಕೊಂಡಿತು. ತಂಗಿಯ ಅತ್ತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ದವಾಖಾನಿ ಆಗೇತವಾ.”

ಡಬ್ಬಿ ಅದೇ, ಬ್ರಶ್ಶು ಹಿಡಿದ ಪೇಂಟರ್ ಚಾಚಾ ಕೂಡ ಅವರೇ. ಬೇರೆ ಇದ್ದದ್ದು ಕಿಟಕಿ, ನೆಲ ಮತ್ತು ಬಲ್ಬು. ಹಳದಿ ಬಣ್ಣವನ್ನು ಎಲ್ಲಿ ಬಳಿದರೂ ಅದು ಹಳದಿಯಾಗಿಯೇ ಉಳಿಯುತ್ತದೆ. ನೀಲಿ-ಹಸಿರಿನ ಕುಟುಂಬದಷ್ಟು ಮನೆಯಿಂದ ಮನೆಗೆ ವೇಷ ಬದಲಿಸುವ ಇನ್ನೊಂದು ಬಣ್ಣವನ್ನು ನಾನಂತೂ ಕಂಡಿಲ್ಲ. ಇದಕ್ಕೆ ಕಾರಣಗಳಿವೆ. ಅವು ಗೊತ್ತಿದ್ದರೆ ಅಂಗಡಿಗೆ ಹೋಗುವ ಮೊದಲೇ ಅರ್ಧ ಕೆಲಸ ಮುಗಿದಂತೆ.

ಹೆಸರಿನಲ್ಲೇ ಜಗಳ

ಟೀಲ್ ಎನ್ನುವುದು ಮೂಲತಃ ಒಂದು ಬಾತುಕೋಳಿಯ ಹೆಸರು. ಚಳಿಗಾಲದಲ್ಲಿ ಉತ್ತರದಿಂದ ನಮ್ಮ ಕಡೆಯ ಕೆರೆಗಳಿಗೆ ಬರುವ ಸಣ್ಣ ಬಾತು. ಗಂಡಿನ ಕಂದು ತಲೆಯ ಮೇಲೆ ಕಣ್ಣಿನಿಂದ ಹಿಂದಕ್ಕೆ ಎಳೆದ ಹೊಳಪಿನ ಹಸಿರು ಪಟ್ಟೆ ಇರುತ್ತದೆ. ಆ ಪಟ್ಟೆಯಿಂದಲೇ ಬಣ್ಣಕ್ಕೆ ಹೆಸರು ಬಂತು. ಇಂಗ್ಲಿಷಿನಲ್ಲೂ ಇದು ಬಣ್ಣದ ಹೆಸರಾಗಿ ಬಳಕೆಗೆ ಬಂದದ್ದು 1917ರ ಸುಮಾರಿಗೆ. ಕಂಪ್ಯೂಟರಿನ ಲೆಕ್ಕದಲ್ಲಿ ಟೀಲ್ ಎಂದರೆ ಕೆಂಪು ಸೊನ್ನೆ, ಹಸಿರು 128, ನೀಲಿ 128. ನೀಲಿ, ಹಸಿರು ಸಮಸಮ.

ನಮ್ಮಲ್ಲಿ ಸೀರೆ ಅಂಗಡಿಯವರ ಹತ್ತಿರ ಇದಕ್ಕಿಂತ ಚಂದದ ಹೆಸರುಗಳಿವೆ. ನವಿಲು ಬಣ್ಣ, ರಾಮಾ ಗ್ರೀನ್, ಪಾಚಿ ಬಣ್ಣ. ತೊಂದರೆ ಏನೆಂದರೆ ದುರ್ಗದಬೈಲಿನ ಒಂದು ಅಂಗಡಿಯ ರಾಮಾ ಗ್ರೀನ್ ಪಕ್ಕದ ಅಂಗಡಿಯಲ್ಲಿ ನವಿಲು ಬಣ್ಣವಾಗಿರುತ್ತದೆ. ಶೇಡ್ ಕಾರ್ಡಿನ ಹೆಸರುಗಳನ್ನಂತೂ ನಂಬಲೇಬೇಡಿ. ಲಗೂನ್, ಓಷನ್, ಮಿಸ್ಟ್ ಎಂದು ಬರೆದ ಚೀಟಿಯಿಂದ ಬಣ್ಣ ಗೊತ್ತಾಗುವುದಿಲ್ಲ. ಕಾರ್ಡಿನ ಮೇಲಿನ ಅಂಕಿಯೊಂದೇ ಲೆಕ್ಕಕ್ಕೆ.

ಮನೆಯಲ್ಲಿ ಇಬ್ಬರು ನಿಂತು “ಇದು ನೀಲಿ”, “ಅಲ್ಲ, ಹಸರ” ಎಂದು ವಾದಿಸುವುದು ಹಟಕ್ಕಲ್ಲ. ನಮ್ಮ ಕಣ್ಣು ಬೆಳಕಿನ ತರಂಗದ ಉದ್ದದಲ್ಲಾಗುವ ಬದಲಾವಣೆಯನ್ನು ಎಲ್ಲ ಕಡೆ ಒಂದೇ ಸಮನಾಗಿ ಗುರುತಿಸುವುದಿಲ್ಲ. ಹಳದಿ ಕಿತ್ತಳೆಗೆ ತಿರುಗುವ 590 ನ್ಯಾನೋಮೀಟರ್ ಹತ್ತಿರ ಮತ್ತು ನೀಲಿ ಹಸಿರಿಗೆ ತಿರುಗುವ 490ರ ಹತ್ತಿರ ಅದು ತೀರಾ ಚುರುಕು. ಒಂದೆರಡು ನ್ಯಾನೋಮೀಟರಿನ ವ್ಯತ್ಯಾಸವನ್ನೂ ಹಿಡಿಯುತ್ತದೆ. ಅಪ್ಪಟ ಹಸಿರಿನ ನಡುವೆ ಅಷ್ಟೇ ವ್ಯತ್ಯಾಸವಾದರೆ ನಮಗೆ ಗೊತ್ತೇ ಆಗುವುದಿಲ್ಲ. ಟೀಲ್ ಕೂತಿರುವುದು ಈ ಚುರುಕಿನ ಗೆರೆಯ ಮೇಲೆಯೇ. ಬೆಳಕು ಒಂದು ಕೂದಲೆಳೆಯಷ್ಟು ಸರಿದರೂ ಕಣ್ಣು ದೂರು ಹೇಳುತ್ತದೆ.

ಹಳೇ ಗೋಡೆಯ ತಾಮ್ರ

ನೀಲಿ-ಹಸಿರು ಗೋಡೆ ನಮಗೆ ಹೊಸ ಫ್ಯಾಷನ್ ಏನಲ್ಲ. ನಮ್ಮ ಅಜ್ಜಿಯ ಊರಿನ ಮನೆಯ ನಡುಮನೆಗೆ ಸುಣ್ಣದ ಜೊತೆ ಮೈಲುತುತ್ತ ಕಲಸಿ ಬಳಿಯುತ್ತಿದ್ದರು. ಕೆಲವರು ಬಟ್ಟೆಗೆ ಹಾಕುವ ನೀಲಿ ಪುಡಿಯನ್ನೇ ಹಾಕುತ್ತಿದ್ದರು. ಅದು ಬರೀ ನೀಲಿ ಕೊಡುತ್ತಿತ್ತು. ಮೈಲುತುತ್ತ ಸುಣ್ಣಕ್ಕೆ ಸೇರಿದರೆ ತಾಮ್ರದ ಹೈಡ್ರಾಕ್ಸೈಡ್ ಆಗಿ, ನೀಲಿಯಲ್ಲಿ ಹಸಿರು ಇಣುಕುವ ಬಣ್ಣ ಬರುತ್ತದೆ. ಹಾನಗಲ್ ಕಡೆಯ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ ಅವರು ಮಾಡುವ ಬೋರ್ಡೋ ದ್ರಾವಣದ ಬಣ್ಣವೇ ಅಜ್ಜಿಯ ಗೋಡೆಯ ಬಣ್ಣ.

ಈಗಿನ ಡಬ್ಬಿಯಲ್ಲೂ ತಾಮ್ರವೇ ಇದೆ, ವೇಷ ಬೇರೆ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಬಣ್ಣದ ಕಾರ್ಖಾನೆಯೊಂದರಲ್ಲಿ, ಎನಾಮೆಲ್ ಬಿರುಕುಬಿಟ್ಟ ಕಬ್ಬಿಣದ ಪಾತ್ರೆಯೊಳಗೆ ಯಾರೂ ಬಯಸದ ನೀಲಿ-ಹಸಿರು ಕಿಟ್ಟವೊಂದು ಕಂಡಿತು. ಅದರ ಬೆನ್ನು ಹತ್ತಿ ಹೋದವರಿಗೆ ಥ್ಯಾಲೋಸೈಯನಿನ್ ಎಂಬ ವರ್ಣದ್ರವ್ಯ ಸಿಕ್ಕಿತು. ಅದರ ನಡುವೆ ತಾಮ್ರದ ಪರಮಾಣು ಕೂಡಿಸಿದ ನೀಲಿ 1935ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೇ ಕ್ಲೋರಿನ್ ಸೇರಿಸಿದರೆ ಹಸಿರು. ಇಂದು ಅಂಗಡಿಯ ಮಿಕ್ಸಿಂಗ್ ಮಶಿನ್ ನಿಮ್ಮ ಟೀಲ್‌ಗೆ ಹನಿಸುವುದು ಬಹುತೇಕ ಈ ಅಣ್ಣ-ತಮ್ಮಂದಿರನ್ನೇ. ಬಿಸಿಲಿಗೆ ಜಗ್ಗದ ಗಟ್ಟಿ ದ್ರವ್ಯ, ಆದರೆ ಬಲು ಜೋರಿನದು. ಹನಿ ಎರಡು ಹೆಚ್ಚಾದರೂ ಬಣ್ಣ ಚೀರುತ್ತದೆ.

ಅಜ್ಜಿಮನೆಯ ಗೋಡೆ ನೆನೆಸಿಕೊಂಡು ಶೇಡ್ ಕಾರ್ಡ್ ಬಿಚ್ಚುವವರು ಮೋಸಹೋಗುವುದು ಇಲ್ಲಿಯೇ. ಸುಣ್ಣದ ಗೋಡೆ ಎಲ್ಲೋ ದಪ್ಪ, ಎಲ್ಲೋ ತೆಳು, ಹೊಳಪಿಲ್ಲದ್ದು. ಆ ಏರುಪೇರು ಬಣ್ಣವನ್ನು ಮೆತ್ತಗೆ ಮಾಡುತ್ತಿತ್ತು. ಪ್ಲಾಸ್ಟಿಕ್ ಎಮಲ್ಷನ್ನಿನಲ್ಲಿ ಅದೇ ಬಣ್ಣ ಮೂಲೆಯಿಂದ ಮೂಲೆಗೆ ಒಂದೇ ಸಮ ನಿಂತು ಕಣ್ಣಿಗೆ ರಾಚುತ್ತದೆ. ಅಜ್ಜಿಯ ಗೋಡೆ ಬೇಕೆಂದರೆ ನೆನಪಿನಲ್ಲಿರುವುದಕ್ಕಿಂತ ಬೂದು ಹೆಚ್ಚಿರುವ ಶೇಡ್ ಆರಿಸಬೇಕು.

ಮೂರು ಪ್ರಶ್ನೆ

ಶೇಡ್ ಕಾರ್ಡಿನಲ್ಲಿ ಮೂವತ್ತು ನೀಲಿ-ಹಸಿರು ಇದ್ದರೆ ಅವನ್ನು ಒಂದೊಂದಾಗಿ ನೋಡಿ ತಲೆ ಕೆಡಿಸಿಕೊಳ್ಳುವ ಬದಲು ಮೂರು ಪ್ರಶ್ನೆ ಕೇಳಿದರೆ ಸಾಕು. ಯಾವ ಕಡೆ ವಾಲುತ್ತದೆ, ನೀಲಿಗೋ ಹಸಿರಿಗೋ? ಎಷ್ಟು ಕಪ್ಪು? ಎಷ್ಟು ಬೂದು?

ಮೊದಲನೆಯದಕ್ಕೆ ಒಂದು ಸುಲಭದ ಉಪಾಯವಿದೆ. ಚೀಟಿಯ ಒಂದು ಬದಿ ಅಪ್ಪಟ ನೀಲಿ ಇಡಿ, ಇನ್ನೊಂದು ಬದಿ ಎಲೆಹಸಿರು ಇಡಿ. ಒಂಟಿಯಾಗಿ ನೋಡಿದಾಗ ಗೊತ್ತಾಗದ ವಾಲು ಆಗ ತಾನಾಗಿ ಕಾಣುತ್ತದೆ.

ಎರಡನೆಯದಕ್ಕೆ ಒಂದು ಅಂಕಿಯೇ ಇದೆ: ಎಲ್‌ಆರ್‌ವಿ, ಅಂದರೆ ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ವಾಪಸು ಬರುತ್ತದೆ ಎಂಬ ಲೆಕ್ಕ. ಕೆಲವು ಕಂಪನಿಗಳು ಇದನ್ನು ಕಾರ್ಡಿನಲ್ಲೋ ವೆಬ್‌ಸೈಟಿನಲ್ಲೋ ಕೊಡುತ್ತವೆ. ಸಾದಾ ಬಿಳಿ 85ರ ಆಸುಪಾಸು, ಬಾತುಕೋಳಿ ತತ್ತಿಯಂಥ ತಿಳಿ ನೀಲಿ-ಹಸಿರು ಸುಮಾರು 60-70, ಗಾಢ ಟೀಲ್ 10ರ ಆಚೀಚೆ. ನಾಲ್ಕೂ ಗೋಡೆಗೆ ಗಾಢ ಟೀಲ್ ಬಳಿದು ಒಂದೇ ಒಂದು 9 ವಾಟ್ ಬಲ್ಬು ನೇತುಹಾಕಿದರೆ ಕೋಣೆ ಗುಹೆಯಾಗುತ್ತದೆ. ತಪ್ಪು ಬಣ್ಣದ್ದಲ್ಲ, ಬಿದ್ದ ಬೆಳಕಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಗೋಡೆಯೇ ನುಂಗುತ್ತಿದೆ.

ಮೂರನೆಯದು, ಬೂದಿನ ಪ್ರಮಾಣ, ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಅಭಿಪ್ರಾಯ. ಆದರೆ ಅಂಗಡಿಯಲ್ಲಿ ಯಾರೂ ಇದರ ಮಾತೆತ್ತುವುದಿಲ್ಲ. ಗದಗದಿಂದ ಹತ್ತಿರದಲ್ಲೇ ಇರುವ ಲಕ್ಕುಂಡಿಗೆ ಹೋಗಿ ಕಾಶಿವಿಶ್ವೇಶ್ವರ ಗುಡಿಯ ಕಲ್ಲನ್ನು ಹತ್ತಿರದಿಂದ ನೋಡಿ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಸಿದ ಆ ಮೆದು ಬಳಪದ ಕಲ್ಲಿನಲ್ಲಿ ಕ್ಲೋರೈಟ್ ಎಂಬ ಹಸಿರು ಖನಿಜ ಇರುತ್ತದೆ. ದೂರದಿಂದ ಬರೀ ಬೂದು. ನೆರಳಿನ ಬದಿಗೆ ಕೈ ಇಟ್ಟು ನೋಡಿದರೆ ಬೂದಿನೊಳಗೆ ಹಸಿರು, ಹಸಿರಿನೊಳಗೆ ತುಸು ನೀಲಿ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋಗುವವರೂ ಕಂಬಗಳನ್ನು ಒಮ್ಮೆ ಹೀಗೆ ನೋಡಬಹುದು. ಬೂದು ಬೆರೆತ ನೀಲಿ-ಹಸಿರು ಎಂದರೆ ಅದು. ಇಡೀ ಕೋಣೆಗೆ ಬಳಿದರೂ ಬೇಸರ ಬಾರದ ಬಣ್ಣ.

ಬೂದು ಯಾಕೆ ಬೇಕು ಎಂದರೆ, ಎರಡಂಗುಲದ ಚೀಟಿಯಲ್ಲಿ ಸೌಮ್ಯವಾಗಿ ಕಂಡದ್ದು ಹನ್ನೆರಡು ಅಡಿ ಗೋಡೆಯ ಮೇಲೆ ಅಬ್ಬರಿಸುತ್ತದೆ. ಎದುರುಬದುರು ಗೋಡೆಗಳಿಗೆ ಒಂದೇ ಬಣ್ಣ ಇದ್ದರೆ ಇನ್ನೂ ಹೆಚ್ಚು: ಒಂದು ಗೋಡೆಯಿಂದ ಚಿಮ್ಮಿದ ನೀಲಿ-ಹಸಿರು ಬೆಳಕು ಇನ್ನೊಂದರ ಮೇಲೆ ಬಿದ್ದು, ಅಲ್ಲಿಂದ ಮತ್ತೆ ಚಿಮ್ಮಿ, ಪ್ರತಿ ಸಲವೂ ಬಣ್ಣ ಗಟ್ಟಿಯಾಗುತ್ತ ಹೋಗುತ್ತದೆ. ನಿಮಗೆ ಇಷ್ಟವಾದ ಚೀಟಿಗಿಂತ ಒಂದು ಮೆಟ್ಟಿಲು ಬೂದು ಹೆಚ್ಚಿರುವುದನ್ನು ತನ್ನಿ. ಅಂಗಡಿಯಲ್ಲಿ ಅದು ಸಪ್ಪೆ ಕಾಣಲಿ, ಪರವಾಗಿಲ್ಲ.

ಕಿಟಕಿಯ ಲೆಕ್ಕ

ಯುರೋಪಿನವರು ಬರೆದ ಸಲಹೆಗಳಲ್ಲಿ “ಉತ್ತರದ ಕೋಣೆ ಯಾವಾಗಲೂ ತಣ್ಣಗಿನ ಬೆಳಕಿನದು” ಎಂದಿರುತ್ತದೆ. ನಮ್ಮಲ್ಲಿ ಅದು ಪೂರ್ತಿ ನಿಜವಲ್ಲ. ಧಾರವಾಡ ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದ ಸುಮಾರಿಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿದು, ಆಗಸ್ಟ್ ಎರಡನೇ ವಾರದ ಹೊತ್ತಿಗೆ ತಿರುಗಿ ಬರುತ್ತಾನೆ. ಆ ಮೂರು ತಿಂಗಳು ಉತ್ತರದ ಕಿಟಕಿಗೂ ಬೆಳಗ್ಗೆ, ಸಂಜೆ ಓರೆ ಬಿಸಿಲು ಬರಬಹುದು; ನಮ್ಮ ಪುಣ್ಯಕ್ಕೆ ಅದರ ಬಹುಪಾಲು ಮಳೆ ಮೋಡದಲ್ಲೇ ಕಳೆಯುತ್ತದೆ. ಉಳಿದ ಕಾಲ ಅಲ್ಲಿ ಬರುವುದು ಆಕಾಶದ ನೀಲಿ ಬೆಳಕು. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ದಿಗಂತದಿಂದ 51 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ದಕ್ಷಿಣದ ಕಿಟಕಿಯಿಂದ ಆಗ ಬಿಸಿಲು ಕೋಣೆಯೊಳಗೆ ಬಂದು ಕೂರುತ್ತದೆ.

ನೀಲಿ ಬೆಳಕು ಬಿದ್ದರೆ ಟೀಲ್ ನೀಲಿಗೆ ಜಾರುತ್ತದೆ. ಸಂಜೆಯ ಹೊಂಬಿಸಿಲಿನಲ್ಲಿ ನೀಲಿಯ ಪಾಲು ಕಡಿಮೆ, ಹಾಗಾಗಿ ಹಸಿರೇ ಮುಂದೆ ಬರುತ್ತದೆ. ತಂಗಿಯ ಬಾಲ್ಕನಿ ಪಶ್ಚಿಮಕ್ಕೆ, ಮೂರನೇ ಮಹಡಿ, ಎದುರಿಗೆ ಕಟ್ಟಡವಿಲ್ಲ. ಬೆಳಗ್ಗೆಯಿಂದ ಮೂರರವರೆಗೆ ಬರೀ ಆಕಾಶದ ಬೆಳಕು, ಗೋಡೆ ನೀಲಿ. ಐದು ಗಂಟೆಗೆ ಬಿಸಿಲು ನೇರ ಬಿದ್ದಾಗ ಅದೇ ಗೋಡೆ ಒಂದು ತಾಸು ಹಸಿರಾಗುವುದನ್ನು ಚಹಾ ಕುಡಿಯುತ್ತ ನೋಡಿದೆವು. ಅವಳ ಮಗನಿಗೆ ಇದು ಆಟವಾಯಿತು, “ಈಗ ಹಸರ, ಈಗ ನೀಲಿ” ಎಂದು.

ನಮ್ಮ ಕೋಣೆಯದು ಉತ್ತರದ ಕಿಟಕಿ. ಲೆಕ್ಕದ ಪ್ರಕಾರ ನೀಲಿ ಆಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಕಿಟಕಿಗೆ ಅಡ್ಡವಾಗಿ ಮಾವಿನ ಮರವಿದೆ. ಎಲೆಗಳ ನಡುವಿನಿಂದ ಸೋಸಿ ಬರುವ ಬೆಳಕು ಹಸಿರು. ಎದುರುಮನೆಯವರು ಗುಲಾಬಿ ಬಣ್ಣ ಹೊಡೆಸಿದ್ದರೆ ಅದೂ ನಿಮ್ಮ ಗೋಡೆಗೆ ಬರುತ್ತದೆ. ಆದ್ದರಿಂದ ದಿಕ್ಸೂಚಿ ನೋಡುವುದಕ್ಕಿಂತ ಕಿಟಕಿಯ ಬಳಿ ನಿಂತು ಹೊರಗೆ ಏನಿದೆ ಎಂದು ನೋಡುವುದು ಮೇಲು.

ಧಾರವಾಡದಲ್ಲಿ ಇನ್ನೊಂದು ಪೇಚು: ಜೂನ್ ಬಂತೆಂದರೆ ಸೆಪ್ಟೆಂಬರಿನವರೆಗೆ ಜಿಟಿಜಿಟಿ ಮಳೆ, ಮುಚ್ಚಿದ ಮೋಡ. ಆ ಬೆಳಕಿನಲ್ಲಿ ಮೊದಲೇ ಬೂದು ಇರುವ ತಿಳಿ ನೀಲಿ-ಹಸಿರು ಕೊಳೆಯಾದಂತೆ ಕಾಣಬಹುದು. ಮಾರ್ಚಿನ ಬಿಸಿಲಿನಲ್ಲಿ ಆರಿಸಿದ ಬಣ್ಣ ಜುಲೈನಲ್ಲಿ ಮನಸ್ಸಿಗೆ ಬಾರದೇ ಹೋಗುವುದಕ್ಕೆ ಕಾರಣ ಇದೇ. ಗದಗ, ನವಲಗುಂದದ ಕಡೆ ಬಯಲು ಬಿಸಿಲು ಹೆಚ್ಚು. ಅಲ್ಲಿ ಇನ್ನೂ ಒಂದು ಮೆಟ್ಟಿಲು ಗಾಢಕ್ಕೆ ಹೋಗಬಹುದು.

ಬಲ್ಬು ಮೊದಲು, ಬಣ್ಣ ಆಮೇಲೆ

ಕೆಲಸಕ್ಕೆ ಹೋಗುವವರು ತಮ್ಮ ಮನೆಯ ಗೋಡೆಯನ್ನು ಹೆಚ್ಚಾಗಿ ನೋಡುವುದು ರಾತ್ರಿ. ಆದರೂ ಬಲ್ಬಿನ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಎಲ್‌ಇಡಿ ಡಬ್ಬಿಯ ಮೇಲೆ 2700, 3000, 4000, 6500 ಎಂದು ಕೆಲ್ವಿನ್ ಅಂಕಿ ಬರೆದಿರುತ್ತದೆ. ಕಮ್ಮಾರನ ಕುಲುಮೆಯ ಕಬ್ಬಿಣವನ್ನು ನೆನೆಸಿಕೊಳ್ಳಿ: ಕಾಯುತ್ತ ಹೋದಂತೆ ಮೊದಲು ಕೆಂಪು, ಆಮೇಲೆ ಹಳದಿ, ಆಮೇಲೆ ಬಿಳಿ. ಇನ್ನೂ ಕಾಯಿಸಲು ಆಗುವಂತಿದ್ದರೆ ನೀಲಿಗೆ ತಿರುಗುತ್ತಿತ್ತು. ಈ ಅಂಕಿಯೂ ಹಾಗೆಯೇ. 2700-3000 ಹಳೇ ಬಲ್ಬಿನ ಹಳದಿ ಬೆಳಕು, 6500 ಮೋಡದ ಹಗಲಿನಂಥ ನೀಲಿ ಬಿಳಿ. ನಮ್ಮ ಕಡೆ ಮನೆಮನೆಗೂ 6500ರದ್ದೇ ಇರುತ್ತದೆ, ಯಾಕೆಂದರೆ “ಬೆಳಕ ಛಲೋ ಬೀಳತೈತಿ”.

ಟೀಲ್ ಗೋಡೆಗೆ 6500 ಹಾಕಿದರೆ ನೀಲಿ ತಣ್ಣಗಾಗುತ್ತದೆ, ಎದುರು ಕೂತವರ ಮುಖವೂ ಬಿಳಿಚುತ್ತದೆ. ತಂಗಿಯ ಅತ್ತೆಯವರಿಗೆ ದವಾಖಾನೆ ಕಂಡದ್ದು ಇದರಿಂದಲೇ. 3000 ಹಾಕಿದರೆ ಅದೇ ಗೋಡೆ ಹಸಿರಾಗಿ, ತುಸು ಕಪ್ಪಾಗಿ, ಬೆಚ್ಚಗಾಗುತ್ತದೆ. ನಾನು 4000ದ ಪರ. ಹಗಲು-ರಾತ್ರಿ ಎರಡರಲ್ಲೂ ಬಣ್ಣ ಹೆಚ್ಚು ಜಿಗಿದಾಡುವುದಿಲ್ಲ. ಡಬ್ಬಿಯ ಮೇಲೆ ಸಿಆರ್‌ಐ ಎಂಬ ಇನ್ನೊಂದು ಅಂಕಿ (ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬ ಲೆಕ್ಕ) ಇದ್ದರೆ 80ಕ್ಕಿಂತ ಕಡಿಮೆ ಇರುವುದನ್ನು ಬಿಟ್ಟುಬಿಡಿ. 90 ಸಿಕ್ಕರೆ ಇನ್ನೂ ಒಳ್ಳೆಯದು. ಎಣ್ಣೆ ದೀಪದ ಬೆಳಕು 2000ಕ್ಕಿಂತ ಕೆಳಗೆ. ದೇವರಮನೆಗೆ ಗಾಢ ಟೀಲ್ ಬಳಿದು ಬರೀ ದೀಪ ಹಚ್ಚಿಟ್ಟರೆ ಗೋಡೆ ಕಪ್ಪು ಹಸಿರಾಗಿ ಹಿಂದೆ ಸರಿದು, ಹಿತ್ತಾಳೆ ಮತ್ತು ಚೆಂಡುಹೂ ಮಾತ್ರ ಮುಂದೆ ಉಳಿಯುತ್ತವೆ. ಇದನ್ನು ಮಾಡಿದವರ ಮನೆಯೊಂದನ್ನು ಕಂಡಿದ್ದೇನೆ; ಹೊಟ್ಟೆಕಿಚ್ಚಾಯಿತು.

ಇನ್ನೊಂದು ವಿಚಿತ್ರ. ಮುಸ್ಸಂಜೆ ಕರೆಂಟ್ ಹೋದಾಗ ಕಣ್ಣು ಮಂದ ಬೆಳಕಿಗೆ ಒಗ್ಗಿಕೊಳ್ಳುತ್ತ ಕೆಂಪನ್ನು ಬಿಟ್ಟುಕೊಡುತ್ತದೆ. ಹಗಲಿನಲ್ಲಿ ಹಳದಿ-ಹಸಿರಿನ 555 ನ್ಯಾನೋಮೀಟರಿಗೆ ಹೆಚ್ಚು ಚುರುಕಾಗಿದ್ದ ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ 507ರ ಕಡೆ, ಅಂದರೆ ನೀಲಿ-ಹಸಿರಿನ ಕಡೆ ಸರಿಯುತ್ತದೆ. ಬೊಹೀಮಿಯಾದ ವಿಜ್ಞಾನಿ ಪುರ್ಕಿನ್ಯೆ 1819ರಲ್ಲಿ ಗಮನಿಸಿ ಹೇಳಿದ ಸಂಗತಿ ಇದು. ನಮ್ಮ ಕೋಣೆಯಲ್ಲಿ ಆ ಹತ್ತು ನಿಮಿಷ ಕೆಂಪು ನೆಲ ಕಪ್ಪಾಗಿ ಮಾಯವಾಗುತ್ತದೆ, ಗೋಡೆ ಮಾತ್ರ ತಾನೇ ಬೆಳಗುವಂತೆ ನಿಂತಿರುತ್ತದೆ.

ನೆಲ ಕೊಡುವ ಬಣ್ಣ

ಗೋಡೆಗೆ ಬಣ್ಣ ಬದಲಿಸಬಹುದು, ನೆಲಕ್ಕೆ ಅಷ್ಟು ಸುಲಭವಲ್ಲ. ಆದ್ದರಿಂದ ನೆಲಕ್ಕೆ ಹೊಂದುವ ಟೀಲ್ ಹುಡುಕಬೇಕು.

ಹಳೇ ಮನೆಗಳ ಕೆಂಪು ನೆಲ ಟೀಲ್‌ನ ಎದುರಾಳಿ ಬಣ್ಣ. ಎರಡೂ ಒಂದನ್ನೊಂದು ಕೆಣಕುತ್ತವೆ. 1839ರಲ್ಲೇ ಫ್ರಾನ್ಸಿನ ಶೆವ್ರೊಲ್ ಎಂಬ ರಸಾಯನಶಾಸ್ತ್ರಜ್ಞ, ನೇಯ್ಗೆಯ ದಾರಗಳು ಪಕ್ಕದ ದಾರದಿಂದ ಬಣ್ಣ ಬದಲಿಸಿದಂತೆ ಕಾಣುವುದನ್ನು ವಿವರಿಸಿ ಬರೆದಿದ್ದ. ಬೆಟಗೇರಿಯ ನೇಕಾರರಿಗೆ ಇದು ಕೈಯಲ್ಲೇ ಗೊತ್ತಿರುವ ವಿದ್ಯೆ: ನವಿಲು ಬಣ್ಣದ ಒಡಲಿಗೆ ಕೆಂಪು ದಡಿ ಹಾಕಿದರೆ ಎರಡೂ ಎದ್ದು ಕಾಣುತ್ತವೆ. ಗೋಡೆಯಲ್ಲಿ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ. ಕೆಂಪು ನೆಲದಿಂದ ಚಿಮ್ಮಿದ ಬೆಳಕು ಗೋಡೆಯ ಕೆಳಗಿನ ಎರಡು-ಮೂರು ಅಡಿಯನ್ನು ಬೂದಾಗಿಸುತ್ತದೆ. ನಮ್ಮ ಕೋಣೆಯಲ್ಲಿ ಮೇಲೆ ಟೀಲ್, ಕೆಳಗೆ ಹೊಗೆ ಹಿಡಿದ ಟೀಲ್. ನನಗೆ ಅದು ಇಷ್ಟ. ಇಷ್ಟವಾಗದವರು ಹಸಿರಿಗಿಂತ ನೀಲಿಗೆ ವಾಲುವ ಶೇಡ್ ತರಲಿ.

ಶಹಾಬಾದಿ ಫರಸಿ ಹಾಕಿದ ಮನೆಯವರು ಅದೃಷ್ಟವಂತರು. ಆ ಕಲ್ಲೇ ಬೂದು, ಅದರ ಜೊತೆ ಯಾವ ಟೀಲ್ ಕೂಡ ಜಗಳಕ್ಕೆ ಹೋಗುವುದಿಲ್ಲ. ಸಾಗವಾನಿ ಬಾಗಿಲು, ಚೌಕಟ್ಟು ಇದ್ದರಂತೂ ಕೇಳುವುದೇ ಬೇಡ. ಸಾಗವಾನಿಯೊಳಗಿನ ಕಿತ್ತಳೆಯನ್ನು ಟೀಲ್ ಹೊರಗೆಳೆಯುತ್ತದೆ.

ಫ್ಲ್ಯಾಟುಗಳ ಕೆನೆಬಣ್ಣದ ವಿಟ್ರಿಫೈಡ್ ಟೈಲ್ಸ್ ಮೋಸದ ನೆಲ. ಟೀಲ್ ಗೋಡೆಯನ್ನು ತುಸು ಹೊತ್ತು ನೋಡಿ ಕಣ್ಣು ಕೆಳಗಿಳಿಸಿದರೆ ಕೆನೆ ಗುಲಾಬಿಯಾಗಿ ಕಾಣುತ್ತದೆ. ಒಂದು ಬಣ್ಣ ನೋಡಿ ದಣಿದ ಕಣ್ಣು ಅದರ ಎದುರು ಬಣ್ಣವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಹಸಿರು, ನೀಲಿ-ಹಸಿರು ಬಟ್ಟೆ ಹಾಕುವುದೂ ಇದೇ ಕಾರಣಕ್ಕೆ. ರಕ್ತದ ಕೆಂಪನ್ನೇ ನೋಡುತ್ತಿದ್ದ ವೈದ್ಯರು ತಲೆಯೆತ್ತಿದಾಗ ಬಿಳಿ ಗೋಡೆಯ ಮೇಲೆ ಹಸಿರು ನೆರಳು ತೇಲುತ್ತಿತ್ತು. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಜನ್ ಹ್ಯಾರಿ ಶೆರ್ಮನ್ ಕೋಣೆಗೇ ಪಾಲಕ್ ಹಸಿರು ಬಳಿಸಿದರು. ಅಂದರೆ ಅತ್ತೆಯವರ “ದವಾಖಾನಿ”ಗೆ ನೂರು ವರ್ಷದ ಇತಿಹಾಸ ಇದೆ!

ಡಬ್ಬಿಯೊಳಗೆ

ಇನ್ನು ಚಾಚಾ ಹೇಳಿಕೊಟ್ಟ ಕೆಲಸದ ಮಾತು. ಮಿಕ್ಸಿಂಗ್ ಮಶಿನ್ನಿನವರು ತಿಳಿ ಬಣ್ಣಕ್ಕೆ ಬಿಳಿ ಬೇಸ್, ಅಂದರೆ ಬಣ್ಣ ಹನಿಸುವ ಮೊದಲಿನ ಮೂಲ ಪೇಂಟ್, ಬಳಸುತ್ತಾರೆ. ಗಾಢ ಬಣ್ಣಕ್ಕೆ ಬಳಸುವ ಬೇಸ್‌ನಲ್ಲಿ ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿ ದ್ರವ್ಯ ತೀರಾ ಕಡಿಮೆ ಇರುತ್ತದೆ, ಇಲ್ಲದಿದ್ದರೆ ಬಣ್ಣ ಗಾಢವಾಗುವುದೇ ಇಲ್ಲ. ಆದರೆ ಹಿಂದಿನದನ್ನು ಮುಚ್ಚುವ ಶಕ್ತಿಯೂ ಆ ಬಿಳಿಯದೇ. ಹಾಗಾಗಿ ಗಾಢ ಟೀಲ್‌ಗೆ ಎರಡು ಕೈ ಸಾಲುವುದಿಲ್ಲ, ಮೂರನೆಯದು ಬೇಕಾಗುತ್ತದೆ. ಕೆಳಗೆ ಬಿಳಿ ಪ್ರೈಮರ್ ಬದಲು ಬೂದು ಬಣ್ಣದ ಒಂದು ಕೈ ಹೊಡೆಸಿದರೆ ಗೆರೆಗೆರೆ ಕಾಣದೆ ಬೇಗ ಮುಚ್ಚುತ್ತದೆ. 12 ಅಡಿ ಅಗಲ, 10 ಅಡಿ ಎತ್ತರದ ಗೋಡೆ 120 ಚದರಡಿ. ಎರಡು ಕೈಗೆ ಸುಮಾರು ಒಂದು ಲೀಟರು, ಮೂರಕ್ಕೆ ಒಂದೂವರೆ. ಎರಡು ಲೀಟರ್ ಒಟ್ಟಿಗೇ ತನ್ನಿ, ಎರಡು ಡಬ್ಬಿ ಇದ್ದರೆ ಒಂದೇ ಬಕೆಟ್ಟಿಗೆ ಸುರಿದು ಕಲಸಿಸಿ. ಅರ್ಧಕ್ಕೆ ಮುಗಿದು ಮತ್ತೊಂದು ದಿನ ತಂದ ಡಬ್ಬಿಯಲ್ಲಿ ಮಶಿನ್ ಅರ್ಧ ಹನಿ ತಪ್ಪಿದ್ದರೂ ಈ ಬಣ್ಣದಲ್ಲಿ ಗೊತ್ತಾಗುತ್ತದೆ.

ಹಸಿ ಗೋಡೆಗೆ ಗಾಢ ಬಣ್ಣ ಬೇಡವೇ ಬೇಡ. ಒಳಗಿನ ತೇವ ಹೊರಬರುವಾಗ ಉಪ್ಪು ತರುತ್ತದೆ; ಕೆನೆ ಗೋಡೆಯಲ್ಲಿ ಕಾಣದ ಬಿಳಿ ಉಪ್ಪು ಟೀಲ್ ಮೇಲೆ ಭಸ್ಮ ಬಳಿದಂತೆ ಕಾಣುತ್ತದೆ. ಮಳೆಗಾಲ ಮುಗಿದು ಗೋಡೆ ಒಣಗುವವರೆಗೆ ಕಾಯಿರಿ. ಎರಿ ಭೂಮಿಯ ಮೇಲೆ ಕಟ್ಟಿದ ಮನೆಗಳಲ್ಲಿ ನೆಲ ಹಿಗ್ಗಿ ಕುಗ್ಗಿ ಬರುವ ಕೂದಲು ಬಿರುಕುಗಳೂ ಹೀಗೆಯೇ ಎದ್ದು ಕಾಣುತ್ತವೆ. ಹೊಳಪಿನ ಪೇಂಟ್ ಆದರೆ ಪುಟ್ಟಿಯ ಉಬ್ಬುತಗ್ಗೆಲ್ಲ ಕಿಟಕಿಯ ಓರೆ ಬೆಳಕಿನಲ್ಲಿ ಬಯಲಿಗೆ ಬರುತ್ತದೆ. ತೀರಾ ಮ್ಯಾಟ್ ಆದರೆ ಮಕ್ಕಳ ಕೈ, ಖುರ್ಚಿಯ ಬೆನ್ನು ತಾಗಿದಲ್ಲೆಲ್ಲ ಕಲೆ. ನಡುವಿನದು ಒಳ್ಳೆಯದು. ಅಡುಗೆಮನೆಗೆ ಒರೆಸಲು ಬರುವಂಥದ್ದು ಇರಲಿ, ಅಷ್ಟೇ.

ಸೀರೆಯ ತುಂಡು ಒಯ್ದು “ಇದೇ ಬಣ್ಣ ಮಾಡಿಕೊಡಿ” ಎನ್ನುವವರಿಗೆ ಒಂದು ಎಚ್ಚರಿಕೆ. ಮಶಿನ್ ಅಳೆದು ಹೊಂದಿಸುತ್ತದೆ ನಿಜ, ಆದರೆ ದಾರದ ಬಣ್ಣದ್ರವ್ಯ ಬೇರೆ, ಪೇಂಟಿನದು ಬೇರೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ತಾಳೆಯಾದದ್ದು ಮನೆಯ ಬಿಸಿಲಿನಲ್ಲಿ ಬೇರೆಯಾಗಬಹುದು. ನವಿಲುಗರಿ ಒಯ್ದರೆ ಇನ್ನೂ ಕಷ್ಟ. ಬಂಕಾಪುರದ ಕೋಟೆಯ ನವಿಲುಗಳ ಕತ್ತಿನಲ್ಲಿ ನೀಲಿ ಬಣ್ಣದ ದ್ರವ್ಯವೇ ಇಲ್ಲ. ಗರಿಯೊಳಗಿನ ಕಂದು-ಕಪ್ಪು ಮೆಲನಿನ್ ಕಡ್ಡಿಗಳ ಜೋಡಣೆಯಿಂದ ಬೆಳಕು ಸೀಳಿ ಆ ಬಣ್ಣ ಹುಟ್ಟುತ್ತದೆ, ಕೋನ ಬದಲಾದರೆ ಬಣ್ಣ ಬದಲು. ಅದು ಡಬ್ಬಿಯಲ್ಲಿ ಸಿಗುವಂಥದ್ದಲ್ಲ. ಮೊಬೈಲ್ ಪರದೆಯನ್ನೂ ನಂಬಬೇಡಿ. ಗಾಢ ನೀಲಿ-ಹಸಿರುಗಳಲ್ಲಿ ಎಷ್ಟೋ ಸಾಮಾನ್ಯ ಪರದೆಗೆ ತೋರಿಸಲು ಬರುವುದೇ ಇಲ್ಲ.

ಹಾಗಾದರೆ ನೋಡುವುದು ಹೇಗೆ? “ಮೇಡಂ, ಶೇಡ್ ಕಾರ್ಡ್ ನೋಡಿ ಬಣ್ಣ ಹಚ್ಚಸೂದು ಅಂದ್ರ ಫೋಟೋ ನೋಡಿ ಲಗ್ನಾ ಆದಂಗ್ರೀ” ಎಂದರು ಚಾಚಾ. ಅವರ ಉಪಾಯ ಇದು: ಎರಡಡಿ ಚೌಕದ ದಪ್ಪ ರಟ್ಟಿಗೆ ಸ್ಯಾಂಪಲ್ ಬಣ್ಣ ಎರಡು ಕೈ ಹೊಡೆಯುವುದು, ಸುತ್ತ ಎರಡಂಗುಲ ಬಿಳಿ ಅಂಚು ಬಿಡುವುದು. ಗೋಡೆಗೇ ಹೊಡೆದರೆ ಸುತ್ತಲಿನ ಹಳೇ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ಪೂರ್ತಿ ಒಣಗಲು ಬಿಡಬೇಕು, ಎಮಲ್ಷನ್ ಒಣಗಿದ ಮೇಲೆ ಹಸಿ ಇದ್ದುದಕ್ಕಿಂತ ತುಸು ಗಾಢವಾಗುತ್ತದೆ. ಆಮೇಲೆ ರಟ್ಟನ್ನು ನಾಲ್ಕೂ ಗೋಡೆಗೆ ಒರಗಿಸುತ್ತ, ಮುಂಜಾನೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ಐದಕ್ಕೆ, ರಾತ್ರಿ ಬಲ್ಬು ಹಾಕಿ ನೋಡಬೇಕು. ಒಮ್ಮೆ ನೆಲಕ್ಕೆ ತಾಗಿಸಿ, ಒಮ್ಮೆ ಬಾಗಿಲಿನ ಸಾಗವಾನಿಗೆ ತಾಗಿಸಿ. ಎರಡು ದಿನ ಬೇಕು. ಮೂರು ರಟ್ಟಿನಲ್ಲಿ ಒಂದು ತಾನಾಗಿ ಉಳಿದುಕೊಳ್ಳುತ್ತದೆ.

ತಂಗಿಯ ಗೋಡೆಗೆ ನಾವು ಮತ್ತೆ ಬ್ರಶ್ಶು ಮುಟ್ಟಿಸಲಿಲ್ಲ. ಪಡಸಾಲೆಯ ಎರಡು 6500ರ ಬಲ್ಬು ತೆಗೆದು 3000ದವು ಹಾಕಿದೆವು. ಅಂದು ರಾತ್ರಿ ಗೋಡೆ ನಮ್ಮ ಧಾರವಾಡದ ಕೋಣೆಯ ಹಸಿರಿಗೆ ಹತ್ತಿರ ಬಂತು. ಅತ್ತೆಯವರು ಸೋಫಾದಲ್ಲಿ ಕೂತು ನಾಲ್ಕೂ ಕಡೆ ನೋಡಿ, “ಈಗ ಮನಿ ಕಂಡಂಗ ಕಾಣತೈತಿ ನೋಡವಾ” ಎಂದರು. ಮರುದಿನ ಅಲ್ಲೇ ಮೊರ ಹಿಡಿದು ಕೂತಾಗ ಅಕ್ಕಿಯೊಳಗಿನ ಹಳ್ಳು ಕಾಣಲಿಲ್ಲವಂತೆ. ಈಗ ಅವರು ಕೂರುವ ಮೂಲೆಯ ಮೇಲೆ ಬಿಳಿ ಟ್ಯೂಬ್‌ಲೈಟ್ ಒಂದು ತಿರುಗಿ ಬಂದಿದೆ, ಬೇರೆ ಸ್ವಿಚ್ಚಿಗೆ. ಅಕ್ಕಿ ಹಸನು ಮಾಡುವಷ್ಟು ಹೊತ್ತು ಗೋಡೆ ನೀಲಿ.